ಮಧುಮೇಹದ ಹೊಸ್ತಿಲಲ್ಲಿ

ಹಲ್ಲು ಕೆಟ್ಟರೆ ನೋವು ಅದನ್ನು ಸಾರುತ್ತದೆ. ಜ್ವರ ಬಂದರೆ ಮೈ ಸುಡುತ್ತದೆ. ಬಹುಪಾಲು ರೋಗಗಳು ತಮ್ಮ ಬರವನ್ನು ಹೀಗೆ ತಾವೇ ತಿಳಿಸುತ್ತವೆ. ಆದರೆ ಸಕ್ಕರೆ ಕಾಯಿಲೆಯೆಂದು ಜನರು ಕರೆಯುವ ಮಧುಮೇಹದ ರೀತಿಯೇ ಬೇರೆ. ಅದು ಒಳಗೆ ಕಾಲಿಡುವ ಮುನ್ನ ಹಲವು ವರ್ಷಗಳ ಕಾಲ ಹೊಸ್ತಿಲಲ್ಲಿ ಸದ್ದಿಲ್ಲದೆ ನಿಂತಿರುತ್ತದೆ. ಆಗ ಮನುಷ್ಯನಿಗೆ ಸಾಮಾನ್ಯವಾಗಿ ನೋವಿಲ್ಲ, ಆಯಾಸವಿಲ್ಲ. ರಕ್ತದಲ್ಲಿನ ಸಕ್ಕರೆಯ ಪ್ರಮಾಣ ಮಾತ್ರ ಇರಬೇಕಾದುದಕ್ಕಿಂತ ತುಸು ಹೆಚ್ಚಾಗಿರುತ್ತದೆ. ಇದನ್ನೇ ವೈದ್ಯರು ಮಧುಮೇಹಪೂರ್ವ ಸ್ಥಿತಿ ಎನ್ನುತ್ತಾರೆ. ಹೊಸ್ತಿಲಲ್ಲಿ ನಿಂತವನನ್ನು ಹಿಂದಕ್ಕೆ ಕಳುಹಿಸಬಹುದು. ಒಳಗೆ ಬಂದು ಬೀಡುಬಿಟ್ಟವನನ್ನು ಹೊರಡಿಸುವುದು ಬಹು ಕಷ್ಟ.

ಅನ್ನ, ಮುದ್ದೆ, ರೊಟ್ಟಿಗಳಲ್ಲಿರುವ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತದೆ. ರಕ್ತದಿಂದ ಅದು ಸ್ನಾಯುಗಳ ಜೀವಕೋಶಗಳನ್ನು ಹೊಗಲು ಇನ್ಸುಲಿನ್ ಎಂಬ ಹಾರ್ಮೋನಿನ ನೆರವು ಬೇಕು. ಜಠರದ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿಯು ಇದನ್ನು ತಯಾರಿಸುತ್ತದೆ. ಕೆರೆಯ ತೂಬನ್ನು ಎತ್ತಿ ಗದ್ದೆಗೆ ನೀರು ಬಿಡುವ ನೀರುಗಂಟಿಗೆ ಇನ್ಸುಲಿನ್ನನ್ನು ಹೋಲಿಸಬಹುದು. ಮೈದುಡಿಮೆ ಕಡಿಮೆಯಾಗಿ, ಹೊಟ್ಟೆಯ ಸುತ್ತ ಕೊಬ್ಬು ಕೂಡಿದಾಗ ಈ ತೂಬುಗಳು ತುಕ್ಕು ಹಿಡಿದಂತಾಗುತ್ತವೆ. ಒಬ್ಬನು ಎತ್ತುತ್ತಿದ್ದ ತೂಬಿಗೆ ಈಗ ಇಬ್ಬರು ಮೂವರು ಬೇಕು. ಗ್ರಂಥಿಯು ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ಕೆಲವು ಕಾಲ ಹೇಗೋ ನಿಭಾಯಿಸುತ್ತದೆ. ಕಡೆಗೆ ಅದೂ ದಣಿಯತೊಡಗುತ್ತದೆ. ಆಗ ಸಕ್ಕರೆಯು ರಕ್ತದಲ್ಲಿಯೇ ಉಳಿಯತೊಡಗುತ್ತದೆ. ತಂದೆತಾಯಿಗಳಿಂದ ಬಂದ ಗುಣವೂ ಇದಕ್ಕೆ ಸೇರುತ್ತದೆ. ಸಿಹಿ ತಿಂದವರಿಗೆ ಮಾತ್ರ ಈ ಕಾಯಿಲೆ ಬರುತ್ತದೆಂಬ ನಂಬಿಕೆ ಸರಿಯಲ್ಲ.

ಹೊಸ್ತಿಲಲ್ಲಿರುವುದನ್ನು ಅರಿಯಲು ರಕ್ತಪರೀಕ್ಷೆಯೇ ದಾರಿ. ರಾತ್ರಿಯೆಲ್ಲ ಉಪವಾಸವಿದ್ದು ಬೆಳಗ್ಗೆ ಪರೀಕ್ಷಿಸಿದಾಗ 100 ಮಿಲಿಲೀಟರಿಗೆ 100 ಮಿಲಿಗ್ರಾಮಿಗಿಂತ ಕಡಿಮೆ ಸಕ್ಕರೆ ಇರುವುದು ಸಹಜ. 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ. ಇವೆರಡರ ನಡುವಿನದು ಹೊಸ್ತಿಲು. ವಿಶ್ವ ಆರೋಗ್ಯ ಸಂಸ್ಥೆಯು ಮಾತ್ರ ಹೊಸ್ತಿಲನ್ನು 110ರಿಂದ ಎಣಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ದೇಶದಲ್ಲಿ ಸುಮಾರು 13.6 ಕೋಟಿ ಜನರು ಈ ಸ್ಥಿತಿಯಲ್ಲಿದ್ದಾರೆಂದು ಅಂದಾಜು ಮಾಡಿತು. ಮಧುಮೇಹವು ಪಟ್ಟಣಗಳಲ್ಲಿ ಹೆಚ್ಚೆಂದು ಕಂಡುಬಂದರೂ, ಅದರ ಪೂರ್ವಸ್ಥಿತಿಯಲ್ಲಿ ಹಳ್ಳಿ ಪಟ್ಟಣಗಳಿಗೆ ಹೆಚ್ಚಿನ ಅಂತರವೇ ಇರಲಿಲ್ಲ. ಇದು ಯೋಚಿಸಬೇಕಾದ ಸಂಗತಿ.

ಇಂಥವರನ್ನು ಹಿಂದಕ್ಕೆ ತರಬಹುದೆಂಬುದು ಬರಿಯ ಆಶಯವಲ್ಲ. ಚೀನಾದ ದಾಚಿಂಗ್ ನಗರದಲ್ಲಿ 1986ರಲ್ಲಿ 577 ಜನರ ಮೇಲೆ ಮೊದಲ ದೊಡ್ಡ ಪ್ರಯೋಗಗಳಲ್ಲೊಂದು ಆರಂಭವಾಯಿತು. ಆಹಾರಕ್ರಮ ಮತ್ತು ವ್ಯಾಯಾಮಗಳು ರೋಗವನ್ನು ತಡೆಯುತ್ತವೆಯೆಂದು ಅದು ತೋರಿಸಿತು. ಮುಂದೆ ಅಮೆರಿಕದಲ್ಲಿ 3,234 ಜನರನ್ನು ಆರಿಸಿ, ಕೆಲವರಿಗೆ ಮೆಟ್‌ಫಾರ್ಮಿನ್ ಎಂಬ ಮಾತ್ರೆಯನ್ನು ಕೊಟ್ಟರು. ಕೆಲವರು ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವುದು ಮೊದಲಾದ ವ್ಯಾಯಾಮ ಮಾಡಿ, ಮಿತವಾಗಿ ಉಂಡು ತೂಕ ಇಳಿಸಲು ಶ್ರಮಿಸಿದರು. 2002ರಲ್ಲಿ ಫಲಿತಾಂಶ ಹೊರಬಿತ್ತು. ಮಾತ್ರೆಯು ರೋಗವನ್ನು ಶೇಕಡ 31ರಷ್ಟು ತಗ್ಗಿಸಿದರೆ, ನಡಿಗೆ ಮತ್ತು ಮಿತಾಹಾರ ಶೇಕಡ 58ರಷ್ಟು ತಗ್ಗಿಸಿದ್ದವು!

ಭಾರತೀಯರ ಮೈಕಟ್ಟು ಬೇರೆ, ಊಟ ಬೇರೆ. ಅಷ್ಟೇನೂ ದಪ್ಪವಿಲ್ಲದವರಿಗೂ ಇಲ್ಲಿ ಮಧುಮೇಹ ಬರುತ್ತದೆ. ಆದುದರಿಂದ ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು 531 ಜನರನ್ನು ನಾಲ್ಕು ಗುಂಪು ಮಾಡಿ ಪ್ರಯೋಗ ನಡೆಸಿದರು. ಅದರ ವಿವರ 2006ರಲ್ಲಿ ಪ್ರಕಟವಾಯಿತು. ಸಾಮಾನ್ಯ ಸಲಹೆಯನ್ನಷ್ಟೆ ಪಡೆದ ಗುಂಪಿನಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ಊಟ ಮತ್ತು ನಡಿಗೆಯ ನಿಯಮವನ್ನು ಪಾಲಿಸಿದವರಲ್ಲಿ ಈ ಸಂಖ್ಯೆ ಸುಮಾರು 39ಕ್ಕೆ ಇಳಿಯಿತು. ಮಾತ್ರೆ ತೆಗೆದುಕೊಂಡವರಲ್ಲಿಯೂ ಹೆಚ್ಚುಕಡಿಮೆ ಅಷ್ಟೆ. ಎರಡನ್ನೂ ಕೂಡಿಸಿದವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ಇನ್ನೊಂದು ವಿಶೇಷವೆಂದರೆ, ಅಲ್ಲಿ ನಿಯಮ ಪಾಲಿಸಿದವರ ತೂಕ ಗಮನಾರ್ಹವಾಗಿ ಇಳಿಯದಿದ್ದರೂ ಪ್ರಯೋಜನ ದೊರೆಯಿತು.

ಇದು ಹೇಗೆ? ದುಡಿಯುವ ಸ್ನಾಯುವು ಇನ್ಸುಲಿನ್ನಿನ ಹಾದಿ ಕಾಯದೆ, ಬೇರೊಂದು ಕಾಲುವೆಯಿಂದಲೂ ಸಕ್ಕರೆಯನ್ನು ಎಳೆದುಕೊಳ್ಳಬಲ್ಲದು. ನಡಿಗೆ ಮುಗಿದ ಮೇಲೂ ಹಲವು ಗಂಟೆಗಳ ಕಾಲ ತೂಬುಗಳು ಸಲೀಸಾಗಿ ತೆರೆಯುತ್ತವೆ. ಈ ಗುಣ ಒಂದೆರಡು ದಿನಗಳಲ್ಲಿ ಕುಂದುವುದರಿಂದ, ವಾರಕ್ಕೊಮ್ಮೆ ಹತ್ತು ಮೈಲಿ ನಡೆಯುವುದಕ್ಕಿಂತ ದಿನವೂ ಅರ್ಧ ಗಂಟೆ ನಡೆಯುವುದು ಲೇಸು. ಊಟದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯುಂಟು. ಅನ್ನ ಬಿಟ್ಟು ರಾಗಿ ಮುದ್ದೆ ಉಂಡರೆ ಸಾಕು, ಎಷ್ಟು ಉಂಡರೂ ಬಾಧಕವಿಲ್ಲವೆಂದು ಹಲವರು ನಂಬಿದ್ದಾರೆ. ರಾಗಿಯಲ್ಲಿ ನಾರು ಮತ್ತು ಸುಣ್ಣದ ಅಂಶ ಹೆಚ್ಚೆಂಬುದು ನಿಜ. ಆದರೆ ಅದರಲ್ಲಿಯೂ ಬಹುಭಾಗ ಪಿಷ್ಟವೇ. ತಟ್ಟೆಯಲ್ಲಿ ಅನ್ನ ಮುದ್ದೆಗಳು ಕುಗ್ಗಿ, ಸೊಪ್ಪು, ತರಕಾರಿ, ಕಾಳುಗಳು ಹಿಗ್ಗಬೇಕು.

ಮೆಟ್‌ಫಾರ್ಮಿನ್ನಿನ ಮೂಲ ಯೂರೋಪಿನ ಗಲೀಗ ಎಂಬ ಹೂಗಿಡದಲ್ಲಿ ಕಂಡ ಒಂದು ವಸ್ತು. ಫ್ರಾನ್ಸಿನ ಜಾನ್ ಸ್ಟೆರ್ನ್ ಎಂಬ ವೈದ್ಯರು 1957ರಲ್ಲಿ ಇದನ್ನು ಮಧುಮೇಹಕ್ಕೆ ಬಳಸಿದ ವಿವರವನ್ನು ಪ್ರಕಟಿಸಿದರು. ಯಕೃತ್ತು ತಾನೇ ತಯಾರಿಸಿ ರಕ್ತಕ್ಕೆ ಬಿಡುವ ಸಕ್ಕರೆಯನ್ನು ಇದು ತಗ್ಗಿಸುತ್ತದೆ. ಅಮೆರಿಕದ ಪ್ರಯೋಗದಲ್ಲಿ ಇದು ವಯಸ್ಸಿನಲ್ಲಿ ಕಿರಿಯರೂ ಹೆಚ್ಚು ತೂಕದವರೂ ಆದವರಿಗೆ ಚೆನ್ನಾಗಿ ಒದಗಿತು. ಅರುವತ್ತು ದಾಟಿದವರಿಗೆ ಅಷ್ಟಾಗಿ ನೆರವಾಗಲಿಲ್ಲ. ಕೆಲವರಿಗೆ ಹೊಟ್ಟೆ ಕೆಡುತ್ತದೆ. ಬಹುಕಾಲ ಸೇವಿಸಿದರೆ ಬಿ12 ಜೀವಸತ್ವದ ಕೊರತೆ ತೋರಬಹುದು. ಮೂತ್ರಪಿಂಡಗಳು ತೀರ ದುರ್ಬಲವಾಗಿದ್ದರೆ ಕೊಡುವಂತಿಲ್ಲ. ಆದುದರಿಂದ ಯಾರಿಗೆ ಮಾತ್ರೆ ಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ನೆರೆಮನೆಯವರ ಚೀಟಿ ನೋಡಿ ಅಂಗಡಿಯಿಂದ ತರುವ ಔಷಧ ಇದಲ್ಲ.

ದಾಚಿಂಗಿನ ಪ್ರಯೋಗ ಆರು ವರ್ಷಗಳಲ್ಲಿ ಮುಗಿದರೂ ಅದರಲ್ಲಿ ಪಾಲ್ಗೊಂಡವರನ್ನು ವೈದ್ಯರು ಗಮನಿಸುತ್ತಲೇ ಬಂದರು. 30 ವರ್ಷಗಳ ಅನುಭವವನ್ನು ಒಳಗೊಂಡ ವರದಿ 2019ರಲ್ಲಿ ಹೊರಬಂದಿತು. ಹಿಂದೆ ನಿಯಮ ಪಾಲಿಸಿದ್ದ ಗುಂಪಿನವರಿಗೆ ಮಧುಮೇಹವು ಉಳಿದವರಿಗಿಂತ ಸರಾಸರಿ ನಾಲ್ಕು ವರ್ಷ ತಡವಾಗಿ ಬಂದಿತ್ತು. ಅವರಲ್ಲಿ ಹೃದ್ರೋಗದಿಂದ ಸತ್ತವರ ಪ್ರಮಾಣವೂ ಕಡಿಮೆಯಾಗಿತ್ತು.