ಅಕ್ಷರ ಬಾರದವರ ನೆನಪನ್ನು ಅಳೆಯುವುದು ಹೇಗೆ?

ಹಳ್ಳಿಯ ಅಜ್ಜಿಯೊಬ್ಬರ ನೆನಪಿನ ಶಕ್ತಿ ಹೇಗಿದೆ ಎಂದು ತಿಳಿಯಬೇಕು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಜಗತ್ತಿನ ಆಸ್ಪತ್ರೆಗಳಲ್ಲಿ ಬಹಳ ಬಳಕೆಯಲ್ಲಿರುವ ಪರೀಕ್ಷೆಯೆಂದರೆ 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡ, 30 ಅಂಕಗಳ ಎಂಎಂಎಸ್‌ಇ. ಅದರಲ್ಲಿ ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು, ಒಂದು ವಾಕ್ಯ ಬರೆಯಬೇಕು, ಹಾಳೆಯ ಮೇಲಿನ ‘ಕಣ್ಣು ಮುಚ್ಚಿ’ ಎಂಬ ಸೂಚನೆ ಓದಿ ಅದರಂತೆ ಮಾಡಬೇಕು, ಪಂಚಕೋನಗಳನ್ನು ನೋಡಿ ಬಿಡಿಸಬೇಕು. ಅಜ್ಜಿಗೆ ಇಲ್ಲೆಲ್ಲ ಅಂಕ ಹೋಗುತ್ತದೆ. ಶಾಲೆ ಕಾಣದ್ದರಿಂದ ಹೋದ ಅಂಕವನ್ನು ಮರೆವಿನ ಖಾತೆಗೆ ಬರೆದರೆ ಇಡೀ ಲೆಕ್ಕವೇ ತಪ್ಪಾಗುತ್ತದೆ.

ಈ ತೊಡಕನ್ನು ಬಿಡಿಸಿದ್ದು ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ನಡೆದ ಭಾರತ–ಅಮೆರಿಕ ಜಂಟಿ ಅಧ್ಯಯನ. ಮೇರಿ ಗಂಗೂಲಿ ಮತ್ತು ಸಂಗಡಿಗರು ಪ್ರಶ್ನೆಗಳನ್ನು ಒಂದೊಂದಾಗಿ ಹಳ್ಳಿಯ ಬದುಕಿಗೆ ಹೊಂದಿಸಿದರು. ಕಳೆಯುವ ಲೆಕ್ಕದ ಬದಲು ವಾರದ ದಿನಗಳನ್ನು ಹಿಂದುಮುಂದಾಗಿ ಹೇಳುವುದು ಬಂತು. ವಾಕ್ಯ ಬರೆಯುವ ಬದಲು, ‘ನಿಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಿ’ ಎಂದಾಯಿತು. ಓದಿ ಕಣ್ಣು ಮುಚ್ಚಬೇಕಿದ್ದಲ್ಲಿ, ‘ನನ್ನ ಮುಖ ನೋಡಿ, ನಾನು ಮಾಡಿದಂತೆ ಮಾಡಿ’ ಎಂದು ಕೇಳಲಾಯಿತು. ನೆನಪಿಟ್ಟು ಹೇಳಬೇಕಾದ ಮೂರು ಪದಗಳು ಮಾವು, ಕುರ್ಚಿ, ನಾಣ್ಯ. ಮನೆಯವರಿಗೂ ಪ್ರಶ್ನೆಗಳು ಸಿದ್ಧವಾದವು: ಊಟ ಮಾಡಿದ್ದನ್ನು ಮರೆತು ಮತ್ತೆ ಕೇಳುತ್ತಾರೆಯೇ? ಊರೊಳಗೇ ದಾರಿ ತಪ್ಪುತ್ತಾರೆಯೇ? ದೊಡ್ಡ ಹಬ್ಬಗಳು ನೆನಪಿರುತ್ತವೆಯೇ? ಮಿದುಳಿನ ವಿಜ್ಞಾನದಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವ ಕೆಲಸಗಳಲ್ಲಿ ಇದೊಂದು. ಎದುರಿಗಿರುವವರ ಬದುಕನ್ನು ಮೊದಲು ತಿಳಿದು, ಆಮೇಲೆ ಪ್ರಶ್ನೆ ಕಟ್ಟಿದ ಕೆಲಸ ಅದು.

ಅದೇ ಕಾಳಜಿ ಈಗ ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿದೆ. ಮಾವಿಗೆ ಹೆಸರಾದ ಈ ನೆಲದ ಹಳ್ಳಿಗಳಲ್ಲಿ, 45 ದಾಟಿದ, ಮರೆಗುಳಿತನದ ರೋಗವಿಲ್ಲದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಹೊತ್ತ ‘ಸ್ಯಾನ್ಸ್‌ಕಾಗ್’ ಅಧ್ಯಯನ 2018ರಲ್ಲಿ ಶುರುವಾಯಿತು. ನಡೆಸುತ್ತಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. ಇನ್ಫೊಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಸುಧಾ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್ 2014ರಲ್ಲಿ ಘೋಷಿಸಿದ 225 ಕೋಟಿ ರೂಪಾಯಿ ಇದಕ್ಕೆ ಬುನಾದಿ. ಕೇಂದ್ರವನ್ನು ಕಟ್ಟಿ ನಿಲ್ಲಿಸಿದ ಮೊದಲ ನಿರ್ದೇಶಕಿ ವಿಜಯಲಕ್ಷ್ಮಿ ರವೀಂದ್ರನಾಥ್. ನಿಮ್ಹಾನ್ಸ್‌ನಲ್ಲಿ ದುಡಿದು, ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಬೆಳೆಸಿ ಬಂದವರು. ಅಶ್ವಗಂಧದ ಸಾರ ಆಲ್ಝೈಮರ್ ಎಂಬ ಮರೆಗುಳಿತನದ ಕಾಯಿಲೆಯ ಇಲಿಗಳ ಮೇಲೆ ಮಾಡುವ ಪರಿಣಾಮದ ಬಗ್ಗೆ ಅವರ ತಂಡ 2012ರಲ್ಲಿ ಪ್ರಕಟಿಸಿದ ಸಂಶೋಧನೆ ಸಾಕಷ್ಟು ಸುದ್ದಿಯಾಗಿತ್ತು. ಪ್ರಯೋಗಶಾಲೆಯ ಇಲಿಗಳೊಡನೆ ವರ್ಷಗಳನ್ನು ಕಳೆದ ವಿಜ್ಞಾನಿ ಹಳ್ಳಿಯ ಜಗಲಿಗಳತ್ತ ಹೊರಳಿದ್ದು ಸಣ್ಣ ಸಂಗತಿಯಲ್ಲ. ಬೆಂಗಳೂರು ನಗರದಲ್ಲಿ ಸುಮಾರು 1,000 ಜನರ ಇನ್ನೊಂದು ಅಧ್ಯಯನವೂ ಟಾಟಾ ಟ್ರಸ್ಟ್ಸ್ ನೆರವಿನಿಂದ ಜೊತೆಗೇ ನಡೆಯುತ್ತಿದೆ.

ಆರೋಗ್ಯವಾಗಿರುವವರನ್ನೇ ಏಕೆ ಹುಡುಕಬೇಕು, ಅದೂ 45ಕ್ಕೇ? ಆಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನೊಳಗಿನ ಬದಲಾವಣೆ ಮರೆವು ಕಾಣುವುದಕ್ಕೆ 15–20 ವರ್ಷ ಮೊದಲೇ ಆರಂಭವಾಗಿರುತ್ತದೆ. ಮಗಳ ಹೆಸರು ಮರೆತ ದಿನ ಆಸ್ಪತ್ರೆಗೆ ಕರೆತಂದರೆ, ಅಷ್ಟರಲ್ಲಿ ಬಹಳಷ್ಟು ನರಕೋಶಗಳು ಹೋಗಿಬಿಟ್ಟಿರುತ್ತವೆ. ಅದಕ್ಕೆ ಈ ತಂಡ ಅದೇ ಮನುಷ್ಯರನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಕಾಣುತ್ತದೆ. ರಕ್ತದೊತ್ತಡ, ಸಕ್ಕರೆ, ಕೊಬ್ಬು, ಕೇಳಿಸುವಿಕೆ, ಮನಸ್ಸಿನ ಬೇಸರ, ನೆನಪು, ಗಮನ, ಮಾತು ಎಲ್ಲವನ್ನೂ ದಾಖಲಿಸುತ್ತದೆ. ರಕ್ತದಿಂದ ವಂಶವಾಹಿಗಳ ಪರಿಶೀಲನೆ ನಡೆಯುತ್ತದೆ, ಎಂಆರ್‌ಐಯಲ್ಲಿ ಮಿದುಳಿನ ಚಿತ್ರ ಸಿಗುತ್ತದೆ. ಹತ್ತು ವರ್ಷದ ನಂತರ ಒಬ್ಬರ ನೆನಪು ಜಾರಿದರೆ, ಅದಕ್ಕೆ ಮೊದಲು ಅವರಲ್ಲಿ ಏನೇನು ಬದಲಾಗಿತ್ತು ಎಂದು ಹಿಂದಿರುಗಿ ನೋಡಬಹುದು. ಮಿದುಳಿನ ಮುಪ್ಪಿನ ಬಗ್ಗೆ ಜಗತ್ತಿನ ಬಳಿ ಇರುವ ಮಾಹಿತಿಯ ದೊಡ್ಡ ಪಾಲು ಯುರೋಪ್ ಮೂಲದ ಜನರದು. ನಮ್ಮವರಿಗೆ ಯಾವುದು ಸಹಜ, ಯಾವುದು ಅಲ್ಲ ಎನ್ನುವ ಅಳತೆ ನಮ್ಮವರಿಂದಲೇ ಬರಬೇಕು.

ಇಷ್ಟೆಲ್ಲ ಮಾಡುವವರು ಯಾರು? ನರರೋಗ ತಜ್ಞರು, ಮನಶ್ಶಾಸ್ತ್ರಜ್ಞರು, ವಂಶವಾಹಿ ಪರಿಣತರು, ಮಿದುಳಿನ ಚಿತ್ರಗಳನ್ನು ಗಣಿತದಲ್ಲಿ ಓದುವ ಎಂಜಿನಿಯರುಗಳು. ಇವರಷ್ಟೇ ಮುಖ್ಯರಾದವರು ಊರೂರಿಗೆ ಹೋಗುವ ಕ್ಷೇತ್ರ ಸಿಬ್ಬಂದಿ. ಏನೂ ಕಾಯಿಲೆಯಿಲ್ಲದ ರೈತನಿಗೆ ದಿನದ ಕೆಲಸ ಬಿಟ್ಟು ರಕ್ತ ಕೊಡಿ, ಇಷ್ಟು ಪ್ರಶ್ನೆಗಳಿಗೆ ಉತ್ತರಿಸಿ ಎಂದು ಒಪ್ಪಿಸುವುದು ಸುಲಭವಲ್ಲ. ಒಪ್ಪಿಗೆ ಪತ್ರವನ್ನು ಓದಲಾಗದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕು. ‘ಯಾವ ಊರಮ್ಮ ಇದು? ಈಗ ಬೆಳಿಗ್ಗೆಯೋ, ಮಧ್ಯಾಹ್ನವೋ?’ ಎಂದು ದೊಡ್ಡವರಿಗೆ ಅವಮಾನವಾಗದಂತೆ ಕೇಳಬೇಕು. ಪಕ್ಕದಲ್ಲಿ ಕೂತ ಸೊಸೆ ಉತ್ತರ ಉಸುರದಂತೆ, ಆಕೆಯ ಮನಸ್ಸೂ ನೋಯದಂತೆ ತಡೆಯಬೇಕು. ಸಂಶೋಧನಾ ಪ್ರಬಂಧಗಳ ಲೇಖಕರ ಸಾಲಿನಲ್ಲಿ ಈ ಕೆಲಸ ಮಾಡಿದವರ ಹೆಸರು ಹೆಚ್ಚಾಗಿ ಇರಬೇಕು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಶ್ರೀನಿವಾಸಪುರ ಆಂಧ್ರದ ಗಡಿಗೆ ತಾಗಿದ ಸೀಮೆ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಎನ್ನುವ ಮಂದಿ ಅಲ್ಲಿ ಬಹಳ. ಮಿದುಳಿನ ಅಧ್ಯಯನಕ್ಕೆ ಇದೂ ಮುಖ್ಯ. ಈಗ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಹೈದರಾಬಾದಿನಲ್ಲಿದ್ದಾಗ 648 ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಒಂದೇ ಭಾಷೆಯವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಮರೆಗುಳಿತನ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಆಮೇಲಿನ ಅಧ್ಯಯನಗಳೆಲ್ಲ ಇದನ್ನು ಒಪ್ಪಿಲ್ಲ. ರೋಗ ಬರುವ ಮೊದಲಿನಿಂದಲೇ ಜನರನ್ನು ನೋಡುತ್ತ ಬರುವ ಶ್ರೀನಿವಾಸಪುರದಂಥ ಕಡೆ ಇಂಥ ಚರ್ಚೆಗೆ ಗಟ್ಟಿ ಆಧಾರ ಸಿಗಬಹುದು.

‘ಅರವತ್ತಕ್ಕೆ ಅರಳು ಮರಳು’ ಎಂದು ನಾವು ಸುಲಭವಾಗಿ ಕೈಚೆಲ್ಲುತ್ತೇವೆ. ಅದು ವಯಸ್ಸಿನ ತಪ್ಪಲ್ಲ, ಕಾಯಿಲೆ. ದೇಶವ್ಯಾಪಿ ಅಧ್ಯಯನವೊಂದು 2023ರಲ್ಲಿ ಕೊಟ್ಟ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರಲ್ಲಿ 7.4 ಶೇಕಡಾ, ಅಂದರೆ ಸುಮಾರು 88 ಲಕ್ಷ ಮಂದಿ ಮರೆಗುಳಿತನದವರು. ಲಂಡನ್ನಿನ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗದ 2024ರ ವರದಿ, ಬದಲಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಹೆಸರಿಸಿ, ಇವನ್ನು ನಿಭಾಯಿಸಿದರೆ ಜಗತ್ತಿನ 45 ಶೇಕಡಾ ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಕಿವಿ ಮಂದವಾಗುವುದು, ಬಿ.ಪಿ., ಸಕ್ಕರೆ ಕಾಯಿಲೆ, ಒಂಟಿತನ, ಬಾಲ್ಯದಲ್ಲಿ ಓದು ಸಿಗದಿರುವುದು ಆ ಪಟ್ಟಿಯಲ್ಲಿವೆ. ಇವುಗಳಲ್ಲಿ ಕೋಲಾರದ ಹಳ್ಳಿಗೆ ಯಾವುದು ಹೆಚ್ಚು ಭಾರ ಎಂಬುದನ್ನು ಲಂಡನ್ನಿನ ವರದಿ ಹೇಳಲಾರದು.

2018ರಲ್ಲಿ 45 ತುಂಬಿದ್ದವರಿಗೆ 60 ಆಗುವುದು 2033ಕ್ಕೆ. ಮುಖ್ಯ ಉತ್ತರಗಳು ಬರಬೇಕಾದ ಕಾಲ ಅಲ್ಲಿಂದ ಮುಂದೆ. ಅಲ್ಲಿಯವರೆಗೆ ಹಣ ನಿಲ್ಲಬಾರದು, ಮನೆಮನೆಯ ಗುರುತಿರುವ ಸಿಬ್ಬಂದಿ ಕೆಲಸ ಬಿಟ್ಟು ಹೋಗುವಂತಾಗಬಾರದು, ಮತ್ತು ತಪಾಸಣೆಯಲ್ಲಿ ಸಕ್ಕರೆ, ಬಿ.ಪಿ. ಕಂಡವರಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ತಪ್ಪದೆ ಸಿಗಬೇಕು.