ಪಾಚಿಯೊಳಗಿನ ಎಣ್ಣೆ

ನಿಂತ ನೀರಿನ ಮೇಲೆ ಹಸುರಾಗಿ ಹರಡುವ ಪಾಚಿಯನ್ನು ಕಂಡರಿಯದವರು ನಮ್ಮ ವಿಜಯಪುರ ಸೀಮೆಯಲ್ಲಿ ಯಾರೂ ಇರಲಾರರು. ಆದಿಲಶಾಹಿ ಕಾಲದ ಬಾವಡಿಗಳಲ್ಲಿಯೂ, ಬಬಲೇಶ್ವರ ತಾಲೂಕಿನ ಮಮದಾಪುರದ ಹಿರಿಯ ಕೆರೆಯ ಅಂಚಿನಲ್ಲಿಯೂ, ತಿಕೋಟಾದ ದ್ರಾಕ್ಷಿಯ ತೋಟಗಳ ಪಕ್ಕದಲ್ಲಿ ತೋಡಿದ ಕೃಷಿಹೊಂಡಗಳಲ್ಲಿಯೂ ಅದು ಕರೆಯದೆ ಬರುವ ಅತಿಥಿಯಾಗಿರುತ್ತದೆ. ಕೊಡವನ್ನು ಮುಳುಗಿಸುವ ಮುಂಚೆ ಅದನ್ನು ಕೈಯಿಂದ ಸರಿಸುವುದು ನಮ್ಮ ಹೆಂಗಸರ ಹಳೆಯ ವಾಡಿಕೆ. ಹೀಗೆ ಹೊಲಸೆಂದು ತಳ್ಳುವ ವಸ್ತುವಿನ ಕುಲದಲ್ಲಿಯೇ ಎಣ್ಣೆಯನ್ನು ಕೂಡಿಟ್ಟುಕೊಳ್ಳುವ ಸೂಕ್ಷ್ಮಜೀವಿಗಳುಂಟೆಂದೂ, ಆ ಎಣ್ಣೆಯಿಂದ ಯಂತ್ರಗಳನ್ನು ನಡೆಸಬಹುದೆಂದೂ ಈಚಿನ ವರ್ಷಗಳಲ್ಲಿ ಬಹಳ ಮಾತು ಕೇಳಿಬಂದಿದೆ. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಉಳಿದರ್ಧವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದಿಡುವುದು ಈ ಲೇಖನದ ಉದ್ದೇಶ. ಹೊಲದಲ್ಲಿ ಹೊಂಡ ತೋಡಿಸಿರಿ, ಪಾಚಿ ಬೆಳೆಸಿರಿ, ಹಣ ತಾನೇ ಬರುವುದೆಂಬ ಭರವಸೆಯು ಯಾರ ಮನೆಯ ಬಾಗಿಲಿಗಾದರೂ ಬಂದೀತು. ಆಗ ಆ ಮನೆಯಲ್ಲಿ ಲೆಕ್ಕ ಕೇಳತಕ್ಕವಳು ಒಬ್ಬಳಾದರೂ ಇರಬೇಕು.

ಮೊದಲು ನಮಗೆ ಚಿರಪರಿಚಿತವಾದ ಕುಸುಬಿಯನ್ನು ತೆಗೆದುಕೊಳ್ಳೋಣ. ಎರೆಮಣ್ಣಿನಲ್ಲಿ ಹಿಂಗಾರಿಯ ತೇವವೊಂದನ್ನೇ ನಂಬಿ ಬೆಳೆಯುವ ಈ ಗಿಡದ ಬೀಜದಲ್ಲಿ ನೂರಕ್ಕೆ ಸುಮಾರು ೩೦ ಪಾಲು ಎಣ್ಣೆಯಿರುತ್ತದೆ. ಬೀಜವು ಗಿಡದ ಮೇಲೆಯೇ ಒಣಗಿ ಕೈಗೆ ಬರುತ್ತದೆ. ಗಾಣಕ್ಕೆ ಹಾಕಿ ಅರೆದರೆ ಎಣ್ಣೆ ಇಳಿಯುತ್ತದೆ, ಹಿಂಡಿಯು ಉಳಿಯುತ್ತದೆ. ಇದರಲ್ಲಿ ಬೀಜವನ್ನು ಹುಡುಕುವ ಕಷ್ಟವಾಗಲಿ, ಒಣಗಿಸುವ ವೆಚ್ಚವಾಗಲಿ ಗಾಣಿಗನಿಗಿಲ್ಲ. ಸೂಕ್ಷ್ಮಪಾಚಿಯಾದರೋ ಒಂದೇ ಜೀವಕೋಶದ ಜೀವಿ; ಅದರ ಅಳತೆ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಅದಕ್ಕೆ ಬೇರಿಲ್ಲ, ಕಾಂಡವಿಲ್ಲ, ಹೂವಿಲ್ಲ. ಬಿಸಿಲನ್ನೂ ಇಂಗಾಲಾಮ್ಲ ವಾಯುವನ್ನೂ ಹೀರಿ ಬೆಳೆದುದೆಲ್ಲವೂ ಆ ಒಂದು ಕೋಶದಲ್ಲಿಯೇ ಇರುತ್ತದೆ. ಅನೇಕ ಜಾತಿಗಳಲ್ಲಿ ಒಣತೂಕದ ನೂರಕ್ಕೆ ೨೦ರಿಂದ ೫೦ ಪಾಲು ಎಣ್ಣೆಯು ದೊರೆಯುತ್ತದೆ. ಇಷ್ಟು ಕೇಳಿದವರಿಗೆ ಕುಸುಬಿಯು ಬಡವಳಂತೆ ತೋರುವುದು ಸಹಜ.

ಆದರೆ ಪಾಚಿಗೆ ಒಂದು ಸ್ವಭಾವವುಂಟು. ಸಾರಜನಕದ ಗೊಬ್ಬರವನ್ನು ಧಾರಾಳವಾಗಿ ಕೊಟ್ಟರೆ ಅದು ತನ್ನ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತದೆಯೇ ಹೊರತು ಎಣ್ಣೆಯನ್ನು ಕೂಡಿಡುವುದಿಲ್ಲ. ಗೊಬ್ಬರವನ್ನು ತಡೆದರೆ ಬರಗಾಲ ಬಂತೆಂದು ಎಣ್ಣೆಯನ್ನು ಕೂಡಿಡಲಾರಂಭಿಸುತ್ತದೆ. ಆಗ ವಂಶವೃದ್ಧಿಯು ನಿಲ್ಲುತ್ತದೆ. ಎರಡೂ ಒಟ್ಟಿಗೆ ಬೇಕೆಂಬವರ ಪ್ರಯತ್ನ ಇಂದಿಗೂ ನಡೆದೇ ಇದೆ. ೧೯೪೨ರಲ್ಲಿ ಯುದ್ಧದ ನಡುವೆ ಜರ್ಮನಿಯ ಹಾರ್ಡರ್ ಮತ್ತು ಫಾನ್ ವಿಚ್ ಎಂಬ ವಿಜ್ಞಾನಿಗಳು ಡಯಾಟಮ್ ಎಂಬ ಸೂಕ್ಷ್ಮಪಾಚಿಗಳಿಂದ ಕೊಬ್ಬನ್ನು ಪಡೆಯುವ ಪ್ರಯೋಗಗಳನ್ನು ಪ್ರಕಟಿಸಿದರು. ಅಮೆರಿಕದ ಸರಕಾರವು ೧೯೭೮ರಿಂದ ೧೯೯೬ರ ವರೆಗೆ ಇದೇ ಕಾರ್ಯಕ್ಕೆ ಹಣ ಕೊಟ್ಟು, ನ್ಯೂ ಮೆಕ್ಸಿಕೋದ ರಾಸ್ವೆಲ್ ಊರಿನಲ್ಲಿ ದೊಡ್ಡ ಹೊಂಡಗಳನ್ನೂ ಕಟ್ಟಿಸಿ, ಕೊನೆಗೆ ಖರ್ಚು ಗಿಟ್ಟದೆಂದು ಕೈಬಿಟ್ಟಿತು. ಎಕ್ಸಾನ್‌ಮೊಬಿಲ್ ಎಂಬ ಭಾರಿ ತೈಲ ಕಂಪನಿಯು ೨೦೦೯ರಲ್ಲಿ ೬೦ ಕೋಟಿ ಡಾಲರುಗಳ ವರೆಗೆ ವೆಚ್ಚಮಾಡುವುದಾಗಿ ಸಾರಿ, ೨೦೨೩ರ ಹೊತ್ತಿಗೆ ಹಿಂದೆ ಸರಿಯಿತು. ಇವರಾರೂ ಅಜ್ಞಾನಿಗಳಲ್ಲ. ಪಾಚಿಯಲ್ಲಿ ಎಣ್ಣೆಯಿತ್ತು, ಅದನ್ನು ಹೊರಗೆ ತರುವ ದಾರಿಯಲ್ಲಿ ಲಾಭವು ಸೋರಿಹೋಯಿತು.

ಆ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ನೋಡತಕ್ಕದ್ದಾಗಿದೆ. ಪಾಚಿಯನ್ನು ಬೆಳೆಸುವ ತೆರೆದ ಹೊಂಡವು ಗೇಣುದ್ದದಷ್ಟು ಮಾತ್ರ ಆಳವಾಗಿರುತ್ತದೆ, ಯಾಕಂದರೆ ಬಿಸಿಲು ತಳಮುಟ್ಟಬೇಕು. ಚಕ್ರವೊಂದು ನೀರನ್ನು ಸದಾ ಕದಡುತ್ತಿರುತ್ತದೆ. ಇಂಥ ಹೊಂಡದ ಒಂದು ಲೀಟರ್ ನೀರಿನಲ್ಲಿ ಒಣಪಾಚಿಯ ತೂಕ ಸುಮಾರು ಅರ್ಧ ಗ್ರಾಂ. ಒಂದು ಎಕರೆಯ ಹೊಂಡದಲ್ಲಿ ಹತ್ತು ಲಕ್ಷ ಲೀಟರ್ ನೀರು ಹಿಡಿಯಿತೆನ್ನೋಣ. ಪಾಚಿಯು ೫೦೦ ಕಿಲೋ, ಅದರಲ್ಲಿ ಐದನೆಯ ಒಂದು ಪಾಲು ಎಣ್ಣೆಯೆಂದರೆ ೧೦೦ ಕಿಲೋ. ಹತ್ತು ಲಕ್ಷ ಲೀಟರಿನೊಳಗಿಂದ ಅದನ್ನು ಆರಿಸಬೇಕು. ಬಟ್ಟೆಯಲ್ಲಿ ಸೋಸಿದರೆ ಬಟ್ಟೆಯ ಕಣ್ಣಿಗಿಂತ ಪಾಚಿಯೇ ಸಣ್ಣದು. ಆದುದರಿಂದ, ಕದಡಿದ ನೀರನ್ನು ತಿಳಿಮಾಡಲು ನಮ್ಮ ಅಜ್ಜಿಯಂದಿರು ಪಟಿಕವನ್ನು ತಿರುವುತ್ತಿದ್ದ ಹಾಗೆಯೇ, ಪಟಿಕದಂಥ ಲವಣಗಳನ್ನು ಬೆರಸಿ ಪಾಚಿಯನ್ನು ಗುಂಪುಗೂಡಿಸುತ್ತಾರೆ. ಬಳಿಕ ಹಾಲಿನ ಕೆನೆಯನ್ನು ಬೇರ್ಪಡಿಸುವ ಯಂತ್ರದಂಥ ಒಂದರಲ್ಲಿ ಗಿರ್ರನೆ ತಿರುಗಿಸುತ್ತಾರೆ. ಆಗ ದೊರೆಯುವುದು ಹಸುರು ಸರಿಯಂಥ ಮುದ್ದೆ. ಅದರ ಐದು ಕಿಲೋದಲ್ಲಿ ನಾಲ್ಕು ಕಿಲೋ ಇನ್ನೂ ನೀರೇ.

ಇಲ್ಲಿಯೇ ಮುಖ್ಯ ತೊಡಕು ಇರುತ್ತದೆ. ನಾಲ್ಕು ಕಿಲೋ ನೀರನ್ನು ಆವಿಮಾಡಲು ಸುಮಾರು ೧೦ ಮೆಗಾಜೂಲ್ ಶಾಖ ಬೇಕು. ಉಳಿದ ಒಂದು ಕಿಲೋ ಒಣಪಾಚಿಯಲ್ಲಿ ಎಣ್ಣೆ ೨೦೦ ಗ್ರಾಂ. ಅದನ್ನು ಉರಿಸಿದರೆ ದೊರೆಯುವ ಶಾಖ ೭-೮ ಮೆಗಾಜೂಲ್ ಮಾತ್ರ. ದೀಪಕ್ಕೆ ಎಣ್ಣೆ ತರಲು ಹೋಗಿ ದಾರಿಯಲ್ಲಿ ಅದಕ್ಕಿಂತ ಹೆಚ್ಚು ಎಣ್ಣೆಯನ್ನು ಸುಟ್ಟಂತಾಯಿತಲ್ಲವೇ? ಎಣ್ಣೆ ಹೆಚ್ಚುಳ್ಳ ಜಾತಿಯಾದರೆ ಲೆಕ್ಕವು ತುಸು ಸುಧಾರಿಸುತ್ತದೆ. ಆದರೆ ಚಕ್ರ, ಪಂಪು, ತಿರುಗುಯಂತ್ರಗಳ ವಿದ್ಯುತ್ತನ್ನು ನಾವಿನ್ನೂ ಕೂಡಿಸಿಯೇ ಇಲ್ಲ.

ಒಣಗಿಸಿದ ಮೇಲೆಯೂ ಎಣ್ಣೆಯು ಸುಲಭವಾಗಿ ಬರುವುದಿಲ್ಲ. ಅನೇಕ ಪಾಚಿಗಳ ಕೋಶದ ಗೋಡೆಯು ಬಲು ಗಟ್ಟಿ. ಸಣ್ಣ ಗಾಜಿನ ಮಣಿಗಳೊಡನೆ ಅರೆದೋ, ಅತಿ ಒತ್ತಡದಿಂದ ಕಿರಿದಾದ ರಂಧ್ರದಲ್ಲಿ ನುಗ್ಗಿಸಿಯೋ ಅದನ್ನು ಒಡೆಯಬೇಕಾಗುತ್ತದೆ. ಅನಂತರ ಹೆಕ್ಸೇನ್ ಎಂಬ ದ್ರಾವಕವನ್ನು ಬೆರಸಿದರೆ ಎಣ್ಣೆಯು ಅದರಲ್ಲಿ ಕರಗಿ ಬರುತ್ತದೆ. ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ತೆಗೆಯಲು ನಮ್ಮ ನಾಡಿನ ಎಣ್ಣೆ ಕಾರಖಾನೆಗಳಲ್ಲಿ ಬಳಸುವುದೂ ಇದನ್ನೇ. ಅದು ೬೯ ಡಿಗ್ರಿ ಶಾಖದಲ್ಲಿ ಕುದಿದು ಆವಿಯಾಗುವುದರಿಂದ ಅದನ್ನು ಮರಳಿ ಹಿಡಿದು ಎಣ್ಣೆಯನ್ನು ಬೇರ್ಪಡಿಸುವರು. ಬೇಗ ಹೊತ್ತಿಕೊಳ್ಳುವ ಪದಾರ್ಥವಾದುದರಿಂದ ಇದು ಮನೆಯ ಹಿತ್ತಿಲಿನಲ್ಲಿ ಮಾಡುವ ಕೆಲಸವಲ್ಲ. ಹೀಗೆ ಬಂದ ಎಣ್ಣೆಯನ್ನು ಮೆಥನಾಲಿನೊಡನೆ ಕೂಡಿಸಿದರೆ ಡೀಸೆಲ್ ಯಂತ್ರಕ್ಕೆ ಹಾಕತಕ್ಕ ಇಂಧನವಾಗುತ್ತದೆ, ಗ್ಲಿಸರಿನ್ ಹೊರಬೀಳುತ್ತದೆ.

ತಿಕೋಟಾದ ಕಡೆಯ ಸಹೋದರಿಯರು ಇದನ್ನೆಲ್ಲ ಇತರರಿಗಿಂತ ಬೇಗ ಗ್ರಹಿಸಬಲ್ಲರು. ದ್ರಾಕ್ಷಿಯನ್ನು ಒಣದ್ರಾಕ್ಷಿ ಮಾಡುವಾಗ ಅದರ ಸಿಪ್ಪೆಯ ಮೇಣವು ನೀರನ್ನು ಹೊರಬಿಡದು. ಅದಕ್ಕಾಗಿ ಪೊಟ್ಯಾಸಿಯಂ ಕಾರ್ಬೊನೇಟನ್ನೂ ‘ಡಿಪ್ಪಿಂಗ್ ಆಯಿಲ್’ ಎಂಬ ಇಥೈಲ್ ಓಲಿಯೇಟನ್ನೂ ಬೆರಸಿದ ನೀರಿನಲ್ಲಿ ಗೊಂಚಲುಗಳನ್ನು ಅದ್ದುತ್ತಾರೆ. ಆ ಓಲಿಯೇಟು, ನಾವು ಮೇಲೆ ಹೇಳಿದ ಡೀಸೆಲ್ ಇಂಧನದ ಹತ್ತಿರದ ಬಂಧುವೇ ಸರಿ. ಅಲ್ಲಿಯೂ ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣಹಣ್ಣು. ಆದರೆ ನೆರಳಿನ ಹಂದರದಲ್ಲಿ ಗಾಳಿಯೇ ಬಿಟ್ಟಿಯಾಗಿ ಒಣಗಿಸುತ್ತದೆ. ಪಾಚಿಯನ್ನೂ ಹಾಗೆಯೇ ಹರವಬಾರದೇಕೆಂದು ಕೇಳಬಹುದು. ಹರವಬಹುದು, ಆದರೆ ಮುದ್ದೆಯ ಮೇಲ್ಗಡೆ ಹೆಕ್ಕಳಿಕೆ ಕಟ್ಟಿ ಒಳಗೆ ಹಸಿಯುಳಿಯುತ್ತದೆ, ಬೇಗನೆ ಕೊಳೆಯುತ್ತದೆ, ಎಣ್ಣೆಯು ಕಮಟುತ್ತದೆ. ದ್ರಾಕ್ಷಿಯ ಸಕ್ಕರೆಯು ಹಣ್ಣನ್ನು ಕಾಯುವಂತೆ ಪಾಚಿಯನ್ನು ಕಾಯುವುದು ಯಾವುದೂ ಇಲ್ಲ.

ಹಾಗಾದರೆ ಈ ವಿದ್ಯೆಯೆಲ್ಲ ವ್ಯರ್ಥವೋ? ಇಲ್ಲ. ಉರಿಸುವ ಎಣ್ಣೆಗಾಗಿ ಅಲ್ಲದೆ, ತೊಲೆಯಲ್ಲಿ ತೂಗಿ ಮಾರುವಂಥ ಎಣ್ಣೆಗಾಗಿ ಮಾಡಿದವರು ಗೆದ್ದಿದ್ದಾರೆ. ತಾಯಿಯ ಹಾಲಿನಲ್ಲಿರುವ ಡಿಎಚ್‌ಎ ಎಂಬ ಕೊಬ್ಬಿನ ಅಂಶವನ್ನು ಕ್ರಿಪ್ತಿಕೋಡಿನಿಯಂ ಎಂಬ ಸೂಕ್ಷ್ಮಪಾಚಿಯಿಂದ ತೆಗೆದು ಶಿಶುಗಳ ಹಾಲಿನ ಪುಡಿಗೆ ಬೆರಸಲು ಅಮೆರಿಕದಲ್ಲಿ ೨೦೦೧ರಲ್ಲಿ ಸಮ್ಮತಿ ದೊರೆಯಿತು. ವಿಚಿತ್ರವೆಂದರೆ ಅದನ್ನು ಬೆಳೆಸುವುದು ಬಿಸಿಲಿನಲ್ಲಲ್ಲ, ಕತ್ತಲೆಯ ಉಕ್ಕಿನ ಹಂಡೆಗಳಲ್ಲಿ, ಸಕ್ಕರೆಯನ್ನು ಉಣಿಸಿ! ನಮ್ಮ ಕರ್ನಾಟಕದಲ್ಲಿಯೇ, ೧೯೫೦ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಜಿ. ಎ. ರವಿಶಂಕರ್, ಆರ್. ಸರದಾ ಮೊದಲಾದ ವಿಜ್ಞಾನಿಗಳು ಬೊಟ್ರಿಯೊಕಾಕಸ್ ಎಂಬ ಪಾಚಿಯನ್ನು ಕುರಿತು ಬಹುಕಾಲ ಪರಿಶೋಧನೆ ನಡೆಸಿದರು. ಈ ಪಾಚಿಯ ಗುಣವೇನೆಂದರೆ, ಸೀಮೆಎಣ್ಣೆಯ ಕುಲದ ತೈಲವನ್ನು ಅದು ಕೋಶದ ಹೊರಗಡೆಯೇ ಸುರಿಸುತ್ತದೆ. ಗೋಡೆ ಒಡೆಯುವ ಶ್ರಮ ಬಹುಮಟ್ಟಿಗೆ ಉಳಿಯಿತು. ಆದರೆ ಅದು ಬೆಳೆಯುವುದು ಬಲು ನಿಧಾನ. ಹಿಮಟೊಕಾಕಸ್, ಡುನಾಲಿಯೆಲ್ಲಾ ಎಂಬವುಗಳಿಂದ ಬಣ್ಣದ ಸತ್ತ್ವಗಳನ್ನು ತೆಗೆಯುವ ಕೆಲಸವೂ ಅಲ್ಲಿ ನಡೆದಿದೆ.

ಇನ್ನು ನಮ್ಮ ಜಿಲ್ಲೆಯ ಮಾತು. ಬಿಸಿಲಿಗೆ ನಮ್ಮಲ್ಲಿ ಬಡತನವಿಲ್ಲ. ಆದರೆ ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರ್ ಮಳೆ ಬೀಳುವ ನೆಲದಲ್ಲಿ ತೆರೆದ ನೀರು ಅದರ ಎರಡು ಪಟ್ಟಿಗೂ ಮಿಕ್ಕಿ ಆರಿಹೋಗುತ್ತದೆ. ದಿನಕ್ಕೆ ೬ ಮಿಲಿಮೀಟರ್ ಆರಿದರೂ ಒಂದು ಎಕರೆಯ ಹೊಂಡದಿಂದ ೨೪,೦೦೦ ಲೀಟರ್ ಹೋಯಿತು. ಚದರ ಮೀಟರಿಗೆ ದಿನಕ್ಕೆ ೧೫ ಗ್ರಾಂ ಪಾಚಿ ಬಂದರೆ ಆ ದಿನದ ಎಣ್ಣೆ ೧೨ ಕಿಲೋ. ಕಿಲೋ ಒಂದಕ್ಕೆ ೨,೦೦೦ ಲೀಟರ್ ನೀರು ಗಾಳಿಯ ಪಾಲು. ನ್ಯಾಯವಾಗಿ ಹೇಳುವುದಾದರೆ ಕುಸುಬಿಯು ಕಿಲೋ ಎಣ್ಣೆಗೆ ಇದಕ್ಕಿಂತಲೂ ಹೆಚ್ಚು ನೀರನ್ನು ಕುಡಿಯುತ್ತದೆ. ಆದರೆ ಅದು ಎರೆಯಲ್ಲಿ ಇಂಗಿದ ಮಳೆಯ ನೀರು. ಕೊಳವೆಬಾವಿಯದಲ್ಲ, ಬೇಸಗೆಯಲ್ಲಿ ದ್ರಾಕ್ಷಿಯನ್ನು ಉಳಿಸಲು ಟ್ಯಾಂಕರಿನಲ್ಲಿ ಕೊಂಡು ತಂದದ್ದೂ ಅಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರನ್ನು ಅಷ್ಟು ಮೇಲಕ್ಕೆ ಎತ್ತಿದ್ದು ಹೊಂಡಗಳಲ್ಲಿ ಹರವಿ ಆರಿಸುವುದಕ್ಕೆಂದು ಯಾರೂ ಒಪ್ಪಲಾರರು.

ಪಾಚಿಗೆ ತಕ್ಕ ನೀರು ನಮ್ಮಲ್ಲಿ ಇರುವುದಾದರೆ ಅದು ವಿಜಯಪುರ ನಗರದ ಬಚ್ಚಲ ನೀರು. ಅದರೊಳಗಿನ ಸಾರಜನಕ, ರಂಜಕಗಳೇ ಪಾಚಿಗೆ ಆಹಾರವಾದುದರಿಂದ ಗೊಬ್ಬರವನ್ನು ಕೊಳ್ಳಬೇಕಿಲ್ಲ, ನೀರೂ ತಿಳಿಯಾಗುತ್ತದೆ. ಅಲ್ಲಿ ಎಣ್ಣೆಯ ಆಸೆಯನ್ನು ಬಿಟ್ಟರೂ ನಷ್ಟವಿಲ್ಲ. ತೆಗೆದ ಪಾಚಿಯನ್ನು ಒಣಗಿಸದೆ ಹಸಿಯಾಗಿಯೇ ಗೋಬರ್ ಗ್ಯಾಸಿನ ತೊಟ್ಟಿಗೆ ಹಾಕಿದರೆ, ಒಲೆಯನ್ನು ಉರಿಸುವಷ್ಟು ಅನಿಲ ಬರುತ್ತದೆ.