ಬೊಡ್ಡೆಯ ಸುತ್ತ ಒಂದು ದಾರ

ಇಂಡಿಯ ಲಿಂಬೆಗಿಡಕ್ಕೆ ಬೆಲೆ ಕಟ್ಟುವುದು ಕಷ್ಟವಲ್ಲ. ಗಿಡಕ್ಕೆ ಎಷ್ಟು ವರ್ಷ, ಎಷ್ಟು ಕಾಯಿ, ಪೇಟೆಯ ದರವೇನು ಎಂದು ತಿಳಿದರೆ ಲೆಕ್ಕ ಮುಗಿಯಿತು. ಸಿಂದಗಿಯ ಬೀದಿಬದಿಯ ಬೇವಿನ ಗಿಡಕ್ಕೆ ಮಾತ್ರ ಕಟ್ಟಿಗೆಯ ಬೆಲೆಯಷ್ಟೇ. ಬಿರುಬಿಸಿಲಲ್ಲಿ ಅದರಡಿ ನಿಂತವರಿಗೆ ಸಿಕ್ಕ ತಂಪು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಬರುವಂತೆ ಮಾಡಲು ಒಂದು ದಾರ ಸಾಕು. ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಬೊಡ್ಡೆಗೆ ದಾರ ಸುತ್ತಿ ಅಳೆಯಬೇಕು. ಅರಣ್ಯ ಇಲಾಖೆಯವರು ಇದನ್ನು ಎದೆಮಟ್ಟದ ಸುತ್ತಳತೆ ಎನ್ನುತ್ತಾರೆ. ಬುಡದಲ್ಲಿ ಬೇರು ಉಬ್ಬಿರುವುದರಿಂದ ಅಲ್ಲಿನ ಅಳತೆ ಮೋಸ ಮಾಡುತ್ತದೆ. ಎದೆಮಟ್ಟಕ್ಕಿಂತ ಕೆಳಗೇ ಕವಲೊಡೆದಿದ್ದರೆ ಒಂದೊಂದು ಕವಲನ್ನೂ ಬೇರೆ ಅಳೆಯಬೇಕು.

ಎಲೆಗಳಿಗೆ ನೀರು ಏರುವುದು ಬೊಡ್ಡೆಯೊಳಗಿಂದಲೇ. ಹಾಗಾಗಿ ಎಲೆಗಳ ಕೊಡೆ ದೊಡ್ಡದಾದಂತೆ ಬೊಡ್ಡೆಯೂ ದಪ್ಪವಾಗುತ್ತದೆ. ಬೆಲೆ ಕಟ್ಟುವವರು ನೋಡುವುದು ಬೊಡ್ಡೆಯ ಅಡ್ಡಕೊಯ್ತದ ವಿಸ್ತೀರ್ಣವನ್ನು. ಅದು ಸುತ್ತಳತೆಯ ವರ್ಗದಂತೆ ಹಿಗ್ಗುತ್ತದೆ. ಎರಡು ಮೀಟರ್ ಸುತ್ತಳತೆಯ ಬೇವು ಹತ್ತು ಸೆಂಟಿಮೀಟರ್ ಸುತ್ತಳತೆಯ ಸಸಿಗಿಂತ ಇಪ್ಪತ್ತು ಪಟ್ಟು ದಪ್ಪ, ಆದರೆ ವಿಸ್ತೀರ್ಣದಲ್ಲಿ 400 ಪಟ್ಟು. ಒಂದು ಕಡಿದರೆ ಹತ್ತು ನೆಡುತ್ತೇವೆ ಎಂಬ ಮಾತನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಅಮೆರಿಕದ ಮೌಲ್ಯಮಾಪಕರು ನರ್ಸರಿ ಗಿಡದ ಬೆಲೆಯನ್ನು ವಿಸ್ತೀರ್ಣಕ್ಕೆ ಹಂಚಿ, ದೊಡ್ಡ ಗಿಡದ ವಿಸ್ತೀರ್ಣಕ್ಕೆ ಗುಣಿಸಿ, ಆಮೇಲೆ ಜಾತಿ, ಆರೋಗ್ಯ, ನಿಂತ ಜಾಗ ನೋಡಿ ಇಳಿಸುತ್ತಾರೆ.

ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ 2021ರಲ್ಲಿ ಬೇರೆ ದಾರಿ ಹಿಡಿಯಿತು: ಮರದ ವಯಸ್ಸಿನ ಪ್ರತಿ ವರ್ಷಕ್ಕೆ 74,500 ರೂಪಾಯಿ. ಮರಕ್ಕೆ ಇಷ್ಟು ಗೌರವ ಸಿಕ್ಕಿದ್ದು ನನಗೆ ಸಂತೋಷವೇ. ಆದರೆ ಮುದ್ದೇಬಿಹಾಳದ ಓಣಿಯ ಬೇವು ಯಾವ ವರ್ಷ ಮೊಳೆಯಿತೆಂದು ಬರೆದಿಟ್ಟವರು ಯಾರು? ವಯಸ್ಸು ತಿಳಿಯಲು ಬೊಡ್ಡೆಯ ಉಂಗುರ ಎಣಿಸಬೇಕೆಂದರೆ ಗಿಡ ಕಡಿಯಬೇಕು, ಇಲ್ಲವೇ ಬೊಡ್ಡೆ ಕೊರೆಯಬೇಕು. ಸುತ್ತಳತೆಯನ್ನಾದರೆ ಬಸವನ ಬಾಗೇವಾಡಿಯ ಶಾಲೆಯ ಮಕ್ಕಳೂ ಒಂದು ಮುಂಜಾನೆಯಲ್ಲಿ ಬರೆದಿಡಬಹುದು. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಕಡಿಯಲು ಅರ್ಜಿ ಬಂದಾಗ ಆ ಪಟ್ಟಿ ಕೈಗೆ ಬರುತ್ತದೆ.

ಆಲದ ಮುಂದೆ ಮಾತ್ರ ದಾರ ಸೋಲುತ್ತದೆ; ಬಿಳಲು ಯಾವುದು, ಬೊಡ್ಡೆ ಯಾವುದು ಎಂದು ಗೊತ್ತಾಗದು. ಅಲ್ಲಿ ನೆರಳನ್ನೇ ಅಳೆಯಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲ್ಲೂಕುಗಳಿಗೆ ಮೇ ತಿಂಗಳ ಮೊದಲ ಹತ್ತು ದಿನಗಳೊಳಗೆ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ಆಗ ಮಧ್ಯಾಹ್ನ 12.20ರ ಸುಮಾರಿಗೆ ಕೊಡೆಯ ನೆರಳು ಅಡಿಯಲ್ಲೇ ಬೀಳುತ್ತದೆ. ಅಂಚಿನಿಂದ ಅಂಚಿಗೆ ಎರಡು ದಿಕ್ಕಿನಲ್ಲಿ ಹೆಜ್ಜೆ ಹಾಕಿ ಬರೆದುಕೊಳ್ಳಿ.